ಕೀಲೆಣ್ಣೆಯ ಒರೆಗಲ್ಲು: ಪುಣೆಯ ಎರಡು ಹೊಡೆತದ ಯಂತ್ರಗಳೂ ಎಣ್ಣೆಯ ದರ್ಜೆಗಳೂ

ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ‘ತೆಲ್ಲಿಗರ ಐವತ್ತೊಕ್ಕಲು’ ಅಪರಿಚಿತವಾದುದಲ್ಲ. ದೇವರ ನಂದಾದೀವಿಗೆಗೆ ಗಾಣವೊಂದಕ್ಕೆ ಇಷ್ಟು ಎಣ್ಣೆಯೆಂದು ಗೊತ್ತುಮಾಡಿ, ಊರಿನ ಪ್ರಮುಖರನ್ನು ಸಾಕ್ಷಿಯಾಗಿರಿಸಿಕೊಂಡು, ಆ ಕಟ್ಟಳೆಯನ್ನು ಕಲ್ಲಿನಲ್ಲಿ ಕಂಡರಿಸಿದ ದತ್ತಿಗಳು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಹೇರಳವಾಗಿ ದೊರೆಯುತ್ತವೆ. ಅದಕ್ಕೂ ಬಹು ಹಿಂದೆ ಕೌಟಿಲ್ಯನು ತೂಕ ಅಳತೆಗಳ ಮೇಲ್ವಿಚಾರಣೆಗೆಂದೇ ಪೌತವಾಧ್ಯಕ್ಷನೆಂಬ ಅಧಿಕಾರಿಯನ್ನು ವಿಧಿಸಿದ್ದನು. ಈ ಕಟ್ಟಳೆಗಳೆಲ್ಲವೂ ಬಹುಮಟ್ಟಿಗೆ ಎಣ್ಣೆಯ ಪ್ರಮಾಣವನ್ನು ಕುರಿತವು. ಎಣ್ಣೆಯ ಗುಣವನ್ನು ಕೊಳ್ಳುವವನು ತನ್ನ ಮೂಗು, ನಾಲಗೆ, ಬೆರಳುಗಳಿಂದಲೇ ಅರಿಯಬಲ್ಲವನಾಗಿದ್ದನು. ಎಳ್ಳೆಣ್ಣೆಗೆ ಬೇರೆ ಎಣ್ಣೆ ಬೆರೆತರೆ ಮನೆಯ ಹೆಂಗಸರಿಗೆ ಒಗ್ಗರಣೆಯ ವಾಸನೆಯಲ್ಲಿಯೇ ಗುಟ್ಟು ರಟ್ಟಾಗುತ್ತಿತ್ತು.

ಯಂತ್ರಕ್ಕೆ ಹಾಕುವ ಎಣ್ಣೆಯ ವಿಷಯ ಹಾಗಲ್ಲ. ಅದರ ಗುಣವನ್ನು ಅರಿಯಲು ಮೂಗಾಗಲಿ ಬೆರಳಾಗಲಿ ಸಾಲದು. ಒಳ್ಳೆಯದೂ ಕೆಟ್ಟದೂ ಒಂದೇ ಬಣ್ಣದ್ದಾಗಿರಬಹುದು, ಒಂದೇ ಜಿಡ್ಡಿನದಾಗಿರಬಹುದು. ಅವುಗಳ ವ್ಯತ್ಯಾಸ ತಿಳಿಯುವುದು ಯಂತ್ರದೊಳಗೆ ಸಾವಿರಾರು ಸಲ ಬೆಂಕಿ ಹೊತ್ತಿದ ಮೇಲೆ. ಅಷ್ಟರಲ್ಲಿ ಕೊಂಡವನ ಹಣ ಹೋಗಿರುತ್ತದೆ, ಯಂತ್ರವೂ ಕೆಟ್ಟಿರುತ್ತದೆ. ಇಂತಹ ಪದಾರ್ಥಕ್ಕೆ ಹೊರಗಿನ ಒರೆಗಲ್ಲೊಂದು ಬೇಕಾಗುತ್ತದೆ. ಎರಡು ಹೊಡೆತದ ಯಂತ್ರಗಳ ಎಣ್ಣೆಗೆ ಆ ಒರೆಗಲ್ಲು ಹೇಗೆ ದೊರೆಯಿತು, ಅದನ್ನು ಓದುವ ಬಗೆ ಯಾವುದು ಎಂಬುದು ಪುಣೆಯಂತಹ ನಗರದ ಇತಿಹಾಸದಲ್ಲಿ ಸಣ್ಣ ಪ್ರಸಂಗವಲ್ಲ. ಏಕೆಂದರೆ ಈ ನಗರ ನಾಲ್ಕು ದಶಕಗಳ ಕಾಲ ಆ ಯಂತ್ರಗಳಿಂದ ಅನ್ನವನ್ನು ಪಡೆಯಿತು. ಅವುಗಳ ಹೊಗೆಯನ್ನೂ ಕುಡಿಯಿತು.

ಕನ್ನಡದಲ್ಲಿ ಕೀಲೆಣ್ಣೆ ಎಂಬ ಮಾತು ಹಳೆಯದು. ಬಂಡಿಯ ಅಚ್ಚಿಗೆ ಎಣ್ಣೆ ಹಾಕದೆ ಹೊರಟವನ ಗಾಲಿ ದಾರಿಯುದ್ದಕ್ಕೂ ಕಿರುಗುಟ್ಟುತ್ತಿತ್ತು. ಧಾರವಾಡ, ವಿಜಾಪುರಗಳ ಕಡೆ ಔಡಲವೆಂದೂ ಮೈಸೂರಿನ ಕಡೆ ಹರಳೆಂದೂ ಕರೆಯುವ ಬೀಜದ ಎಣ್ಣೆ ಇದಕ್ಕೆ ಒದಗುತ್ತಿತ್ತು. ಈ ಎಣ್ಣೆಗೆ ಒಂದು ವಿಶೇಷ ಗುಣವುಂಟು: ಬಹಳ ಕಾವೇರಿದರೂ ಇದು ಲೋಹದ ಮೈಯನ್ನು ಬಿಡದೆ ಅಂಟಿಕೊಂಡಿರುತ್ತದೆ, ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದೂ ಇಲ್ಲ. ಆದಕಾರಣ ಮೊದಲನೆಯ ಮಹಾಯುದ್ಧದ ವಿಮಾನಗಳ ಯಂತ್ರಗಳಲ್ಲಿ ಔಡಲೆಣ್ಣೆಯೇ ಮುಖ್ಯ ಕೀಲೆಣ್ಣೆಯಾಗಿದ್ದಿತು. ಇಂಗ್ಲೆಂಡಿನ ವೇಕ್‌ಫೀಲ್ಡ್ ಸಂಸ್ಥೆ ೧೯೦೯ರಲ್ಲಿ ಹೊರತಂದ ‘ಕ್ಯಾಸ್ಟ್ರಾಲ್’ ಎಂಬ ಎಣ್ಣೆಯ ಹೆಸರಿನಲ್ಲಿಯೂ ಔಡಲದ ಇಂಗ್ಲಿಷ್ ಹೆಸರೇ ಅಡಗಿದೆ. ಔಡಲೆಣ್ಣೆಯ ದೋಷವೆಂದರೆ ಅದು ಸುಟ್ಟಾಗ ಅಂಟಾದ ಕಿಟ್ಟವನ್ನು ಉಳಿಸುತ್ತದೆ. ಚೆನ್ನಾಗಿ ಜಾರಿಸುವ ಎಣ್ಣೆ ಚೆನ್ನಾಗಿ ಸುಡುವ ಎಣ್ಣೆಯಾಗಿರಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇದೇ ಮೊದಲ ನಿದರ್ಶನ. ಎರಡು ಹೊಡೆತದ ಯಂತ್ರದ ಎಣ್ಣೆಯ ಕಥೆಯೆಲ್ಲವೂ ಈ ಒಂದು ಇಕ್ಕಟ್ಟಿನ ಸುತ್ತ ಬೆಳೆದಿದೆ.

ಸ್ಕಾಟ್ಲೆಂಡಿನ ಡೂಗಲ್ಡ್ ಕ್ಲರ್ಕ್ ಎಂಬಾತನು ೧೮೮೧ರಲ್ಲಿ ಎರಡು ಹೊಡೆತದ ಯಂತ್ರಕ್ಕೆ ಪೇಟೆಂಟು ಪಡೆದನು. ಇಂಗ್ಲೆಂಡಿನ ಬಾತ್ ಪಟ್ಟಣದ ಜೋಸೆಫ್ ಡೇ ಎಂಬಾತನು ೧೮೯೧ರ ಸುಮಾರಿಗೆ ಅದನ್ನು ಇನ್ನೂ ಸರಳಗೊಳಿಸಿದನು. ನಾಲ್ಕು ಹೊಡೆತದ ಯಂತ್ರದಲ್ಲಿ ಪಿಸ್ಟನ್ನು ನಾಲ್ಕು ಸಲ ಮೇಲೆ ಕೆಳಗೆ ಸರಿದಾಗ ಒಮ್ಮೆ ಬೆಂಕಿ ಹೊತ್ತುತ್ತದೆ. ಇಲ್ಲಿ ಎರಡು ಸರಿತಕ್ಕೆ ಒಮ್ಮೆ ಹೊತ್ತುತ್ತದೆ. ಡೇಯ ಮಾದರಿಯಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿನ ಕೋಶಕ್ಕೆ ಬಂದು, ಅಲ್ಲಿಂದ ಪಿಸ್ಟನ್ನಿನ ಒತ್ತಡದಿಂದಲೇ ಮೇಲಕ್ಕೆ ಹೋಗುತ್ತದೆ. ಕವಾಟಗಳ ಗೊಡವೆಯಿಲ್ಲ, ಭಾಗಗಳು ಕೆಲವೇ, ತೂಕ ಕಡಿಮೆ, ಬೆಲೆ ಅಗ್ಗ, ರಿಪೇರಿ ಸುಲಭ. ಬಡ ದೇಶಗಳಿಗೆ ಇದಕ್ಕಿಂತ ಒಪ್ಪುವ ಯಂತ್ರ ಬೇರೊಂದಿರಲಿಲ್ಲ.

ಆದರೆ ಈ ಸರಳತೆಗೆ ತೆರಬೇಕಾದ ಬೆಲೆಯೊಂದಿತ್ತು. ಕೆಳಗಿನ ಕೋಶ ಮಿಶ್ರಣದ ದಾರಿಯಾದುದರಿಂದ, ನಾಲ್ಕು ಹೊಡೆತದ ಯಂತ್ರದಲ್ಲಿರುವಂತೆ ಅಲ್ಲಿ ಎಣ್ಣೆಯನ್ನು ತುಂಬಿಡಲಾಗದು. ಎಣ್ಣೆ ಪೆಟ್ರೋಲಿನೊಡನೆಯೇ ಬರಬೇಕು, ಬೇರಿಂಗುಗಳನ್ನೂ ಸಿಲಿಂಡರಿನ ಗೋಡೆಯನ್ನೂ ನೆನೆಸಬೇಕು, ಕೊನೆಗೆ ಪೆಟ್ರೋಲಿನೊಡನೆಯೇ ಸುಟ್ಟು ಹೊರಬೀಳಬೇಕು. ಒಮ್ಮೆ ಹಾಕಿದ ಎಣ್ಣೆ ಮತ್ತೆ ಬಳಕೆಗೆ ದೊರೆಯದು. ಅಲ್ಲದೆ, ಹೊಸ ಮಿಶ್ರಣ ಒಳಬರುವಾಗ ಹೊಗೆಯ ದ್ವಾರ ತೆರೆದೇ ಇರುವುದರಿಂದ ಅದರ ಕಾಲುಭಾಗವೋ ಅದಕ್ಕೂ ಹೆಚ್ಚೋ ಸುಡದೆಯೇ ಜಾರಿಹೋಗುವುದುಂಟು. ಎಣ್ಣೆಯ ಸಣ್ಣ ಹನಿಗಳೂ ಅದರೊಡನೆ ಹೊರಟುಹೋಗುತ್ತವೆ. ಬೆಳಗಿನ ಹೊತ್ತು ಹಳೆಯ ಸ್ಕೂಟರನ್ನು ಒದ್ದು ಚಾಲೂ ಮಾಡಿದಾಗ ಅಂಗಳವನ್ನು ತುಂಬುತ್ತಿದ್ದ ನೀಲಿ ಹೊಗೆ ಬಹುಪಾಲು ಈ ಹನಿಗಳದೇ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಟಲಿಯಲ್ಲಿ ಕೊರಾದೀನೊ ದಾಸ್ಕಾನಿಯೊ ಎಂಬ ವಿಮಾನ ಶಿಲ್ಪಿಯು ಪಿಯಾಜ್ಯೊ ಸಂಸ್ಥೆಗಾಗಿ ರೂಪಿಸಿದ ವೆಸ್ಪಾ ಸ್ಕೂಟರು ೧೯೪೬ರಲ್ಲಿ ಹೊರಬಂದಿತು. ಮರುವರ್ಷ ಲ್ಯಾಂಬ್ರೆಟಾ ಬಂದಿತು. ಭಾರತದಲ್ಲಿ ಲ್ಯಾಂಬ್ರೆಟಾವನ್ನು ೧೯೫೫ರಿಂದ ಮುಂಬಯಿಯ ‘ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ’ ಸಂಸ್ಥೆ ಜೋಡಿಸಿ ಮಾರತೊಡಗಿತು. ಬಚ್ಛರಾಜ್ ಟ್ರೇಡಿಂಗ್ ಕಾರ್ಪೊರೇಷನ್ ಎಂಬ ಹೆಸರಿನಿಂದ ೧೯೪೫ರಲ್ಲಿ ಸ್ಥಾಪಿತವಾದ ಸಂಸ್ಥೆ ೧೯೫೯ರಲ್ಲಿ ತಯಾರಿಕೆಯ ಪರವಾನಗಿ ಪಡೆದು, ಬಜಾಜ್ ಆಟೊ ಎಂಬ ಹೆಸರಿನಿಂದ, ಪಿಯಾಜ್ಯೊದ ಸಹಯೋಗದಲ್ಲಿ ವೆಸ್ಪಾಗಳನ್ನು ತಯಾರಿಸತೊಡಗಿತು. ಪುಣೆಯ ಪಕ್ಕದ ಆಕುರ್ಡಿ ಅದರ ನೆಲೆಯಾಯಿತು. ೧೯೭೦ರಲ್ಲಿ ಅದರ ಒಂದು ಲಕ್ಷದ ವಾಹನ ಹೊರಬಿದ್ದಿತು. ೧೯೭೧ರಲ್ಲಿ ಸಹಯೋಗ ಮುಗಿಯಿತು; ಮರುವರ್ಷ ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತ ಚೇತಕ್ ಬಂದಿತು. ಅದೇ ೧೯೭೨ರಲ್ಲಿ ಪುಣೆಯ ಕೈನೆಟಿಕ್ ಸಂಸ್ಥೆಯ ಲೂನಾ ಎಂಬ ೫೦ ಸಿ.ಸಿ. ಮೊಪೆಡ್ಡು ಬಂದಿತು. ಸೈಕಲ್ಲುಗಳ ನಗರವೆಂದು ಹೆಸರಾಗಿದ್ದ ಪುಣೆ ಸ್ಕೂಟರುಗಳ ನಗರವಾಯಿತು.

ಕನ್ನಡಿಗರಿಗೆ ಈ ಯಂತ್ರದ ಪರಿಚಯ ಇನ್ನೊಂದು ದಿಕ್ಕಿನಿಂದಲೂ ಆಗಿತ್ತು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ೧೯೬೧ರಲ್ಲಿ ಜಯಚಾಮರಾಜ ಒಡೆಯರಿಂದ ಉದ್ಘಾಟಿತವಾಗಿ, ಜೆಕೊಸ್ಲೊವಾಕಿಯದ ಜಾವಾ ಮೋಟಾರು ಸೈಕಲನ್ನೂ ಅನಂತರ ಯೆಜ್ಡಿಯನ್ನೂ ೧೯೯೬ರವರೆಗೆ ತಯಾರಿಸಿತು. ಮೈಸೂರಿನ ಜಾವಾ, ಪುಣೆಯ ಚೇತಕ್ ಎರಡೂ ಎರಡು ಹೊಡೆತದವೇ. ಆದರೆ ಎಣ್ಣೆಯ ಹಸಿವು ಬೇರೆ ಬೇರೆ. ಹಳೆಯ ಜಾವಾಗಳಿಗೆ ನೂರು ಪಾಲು ಪೆಟ್ರೋಲಿಗೆ ನಾಲ್ಕು ಪಾಲಿನಷ್ಟು ಎಣ್ಣೆ ಬೇಕಾಗುತ್ತಿತ್ತು. ಚೇತಕ್ಕಿಗೆ ಎರಡು ಪಾಲು, ಎಂದರೆ ಲೀಟರಿಗೆ ೨೦ ಮಿಲಿಲೀಟರು ಸಾಕಾಗಿತ್ತು. ಊರು ಬದಲಿಸಿ ವಾಹನ ಬದಲಿಸಿದವರು ಹಳೆಯ ಅಳತೆಯನ್ನೇ ಹೊಸ ವಾಹನಕ್ಕೂ ಹಾಕಿದರೆ ಅದು ಎರಡು ಪಟ್ಟು ಎಣ್ಣೆಯಾಗುತ್ತಿತ್ತು.

ಇಲ್ಲಿಯೇ ಒಂದು ತಪ್ಪು ತಿಳಿವಳಿಕೆ ಬೇರೂರಿತು. ಎಣ್ಣೆ ಹೆಚ್ಚಿದಷ್ಟೂ ಯಂತ್ರಕ್ಕೆ ಹಿತವೆಂದು ಜನ ಭಾವಿಸಿದರು. ಬಂಡಿಯ ಅಚ್ಚಿನ ಅನುಭವ ಅವರಿಗೆ ಅದನ್ನೇ ಕಲಿಸಿತ್ತು. ವಾಸ್ತವದಲ್ಲಿ, ಟಾಕಿಯಲ್ಲಿ ಎಣ್ಣೆ ಹೆಚ್ಚಿದಂತೆ ಅದೇ ಗಾತ್ರದ ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾಗುತ್ತದೆ. ಸುಡದೆ ಉಳಿದ ಎಣ್ಣೆ ಪ್ಲಗ್ಗಿನ ತುದಿಯಲ್ಲಿ, ಪಿಸ್ಟನ್ನಿನ ತಲೆಯ ಮೇಲೆ, ಸೈಲೆನ್ಸರಿನ ಕೊಳವೆಯಲ್ಲಿ ಕಿಟ್ಟವಾಗಿ ಕೂರುತ್ತದೆ. ರಿಂಗು ತನ್ನ ಗಾಡಿಯಲ್ಲಿ ಅಂಟಿ ನಿಲ್ಲುತ್ತದೆ. ಸೈಲೆನ್ಸರು ಕಟ್ಟಿಕೊಂಡು ಯಂತ್ರದ ಉಸಿರು ಕಟ್ಟುತ್ತದೆ. ವರುಷಕ್ಕೊಮ್ಮೆಯಾದರೂ ಸೈಲೆನ್ಸರನ್ನು ಬಿಚ್ಚಿ, ಬೆಂಕಿಯಲ್ಲಿ ಕಾಸಿ, ಬಡಿದು, ಕಿಟ್ಟ ಕೆದಕುತ್ತಿದ್ದ ಗ್ಯಾರೇಜುಗಳ ದೃಶ್ಯ ಆ ಕಾಲದ ಪೇಟೆಗಳಲ್ಲಿ ಸಾಮಾನ್ಯವಾಗಿತ್ತು.

ಇದಕ್ಕಿಂತ ಕೆಟ್ಟದ್ದು ಬಿಡಿ ಎಣ್ಣೆಯ ವ್ಯಾಪಾರ. ಡಬ್ಬಿಯಿಂದ ಅಳೆದು ಸುರಿಯುವ ಎಣ್ಣೆಗೆ ಹೆಸರೂ ಇಲ್ಲ, ಹೊಣೆಯೂ ಇಲ್ಲ. ಏನೂ ಬೆರೆಸದ ಬರಿಯ ಖನಿಜ ಎಣ್ಣೆ, ನಾಲ್ಕು ಹೊಡೆತದ ಯಂತ್ರಗಳ ಎಣ್ಣೆ, ಒಮ್ಮೆ ಬಳಸಿ ತೆಗೆದು ಸೋಸಿದ ಕರಿ ಎಣ್ಣೆ, ಎಲ್ಲವೂ ಆಟೊರಿಕ್ಷಾಗಳ ಟಾಕಿಗೆ ಇಳಿಯುತ್ತಿದ್ದವು. ಅದರ ಹಣದ ಲೆಕ್ಕವನ್ನು ಹೀಗೆ ನೋಡಬಹುದು. ದಿನಕ್ಕೆ ೩ ಲೀಟರು ಪೆಟ್ರೋಲು ಸುಡುವ ರಿಕ್ಷಾಕ್ಕೆ ನೂರಕ್ಕೆ ಎರಡರ ಅಳತೆಯಲ್ಲಿ ೬೦ ಮಿಲಿಲೀಟರು ಎಣ್ಣೆ ಸಾಕು; ತಿಂಗಳಿಗೆ ೧.೮ ಲೀಟರು. ನೂರಕ್ಕೆ ಆರರಂತೆ ಹಾಕಿದರೆ ತಿಂಗಳಿಗೆ ೫.೪ ಲೀಟರು. ಬಿಡಿ ಎಣ್ಣೆಯ ದರ ಅರ್ಧವೇ ಆಗಿದ್ದರೂ, ಮೂರು ಪಟ್ಟು ಸುರಿದವನು ಒಂದೂವರೆ ಪಟ್ಟು ಹಣವನ್ನು ತೆತ್ತಂತಾಯಿತು. ಪ್ಲಗ್ಗು, ರಿಂಗು, ಸೈಲೆನ್ಸರುಗಳ ಖರ್ಚು ಇದರ ಮೇಲೆ. ದಿನದ ಗಳಿಕೆಯಿಂದ ದಿನದ ಎಣ್ಣೆಯನ್ನು ಕೊಳ್ಳುವವನಿಗೆ ತಿಂಗಳ ಲೆಕ್ಕ ಕಣ್ಣಿಗೆ ಬೀಳುವುದಿಲ್ಲ. ಅಂದಿನ ನಾಲ್ಕು ಕಾಸಿನ ಉಳಿತಾಯ ಮಾತ್ರ ಬೀಳುತ್ತದೆ. ಹೊಗೆಯ ಖರ್ಚನ್ನಂತೂ ರಸ್ತೆಯಲ್ಲಿ ನಡೆಯುವವರು, ಶಾಲೆಯ ಮಕ್ಕಳು, ಕೊನೆಗೆ ದಿನವಿಡೀ ಆ ಹೊಗೆಯ ನಡುವೆಯೇ ಕುಳಿತಿರುವ ಚಾಲಕನೇ ತೆರುತ್ತಿದ್ದರು.

ಇನ್ನು ದರ್ಜೆಗಳ ವಿಷಯ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯು ಎರಡು ಹೊಡೆತದ ಎಣ್ಣೆಗಳನ್ನು ಟಿ.ಎ., ಟಿ.ಬಿ., ಟಿ.ಸಿ., ಟಿ.ಡಿ. ಎಂದು ವಿಂಗಡಿಸಿತು. ಮೊಪೆಡ್ಡಿನಂತಹ ಅತಿ ಸಣ್ಣ ಯಂತ್ರಗಳಿಗೆ ಟಿ.ಎ.; ಸ್ಕೂಟರು ಮತ್ತು ಸಣ್ಣ ಮೋಟಾರು ಸೈಕಲುಗಳಿಗೆ ಟಿ.ಬಿ.; ಹೆಚ್ಚು ಕಾವಿನಲ್ಲಿ ದುಡಿಯುವ ದೊಡ್ಡ ಯಂತ್ರಗಳಿಗೆ ಟಿ.ಸಿ.; ದೋಣಿಗಳ ಯಂತ್ರಗಳಿಗೆ ಟಿ.ಡಿ. ಪರೀಕ್ಷೆಯ ಯಂತ್ರಗಳೂ ಬಿಡಿಭಾಗಗಳೂ ದೊರೆಯದಂತಾಗಿ ಇವುಗಳಲ್ಲಿ ಕೆಲವು ಬಳಕೆ ತಪ್ಪಿ, ಕೊನೆಗೆ ಟಿ.ಸಿ. ಒಂದೇ ಉಳಿಯಿತು. ಡಬ್ಬಿಯ ಮೇಲೆ ‘ಎ.ಪಿ.ಐ. ಟಿ.ಸಿ.’ ಎಂದಿರುವುದು ಈ ಅಮೆರಿಕದ ಸಂಸ್ಥೆಯ ಹೆಸರಿನ ಮೊದಲಕ್ಷರಗಳು. ಲ್ಯಾಂಬ್ರೆಟಾ ತಯಾರಿಸಿದ ಮುಂಬಯಿಯ ಸಂಸ್ಥೆಯನ್ನೂ ಜನ ಎ.ಪಿ.ಐ. ಎಂದೇ ಕರೆಯುತ್ತಿದ್ದರು, ಎರಡಕ್ಕೂ ಸಂಬಂಧವಿಲ್ಲ.

ಟಿ.ಸಿ. ದರ್ಜೆಯು ಪಿಸ್ಟನ್ನು ಕಚ್ಚಿಕೊಳ್ಳದಿರುವುದನ್ನೂ ರಿಂಗು ಅಂಟದಿರುವುದನ್ನೂ ಪರೀಕ್ಷಿಸುತ್ತಿತ್ತೇ ಹೊರತು ಹೊಗೆಯನ್ನು ಅಳೆಯುತ್ತಿರಲಿಲ್ಲ. ಎಂದರೆ ಅದು ಯಂತ್ರದ ಹಿತವನ್ನು ನೋಡಿತು, ಬೀದಿಯ ಹಿತವನ್ನು ನೋಡಲಿಲ್ಲ. ಈ ಕೊರತೆಯನ್ನು ತುಂಬಿದವರು ಜಪಾನಿನವರು. ಅವರ ‘ಜಾಸೋ’ ಎಂಬ ಮಾನಕ ವ್ಯವಸ್ಥೆ ೧೯೯೪ರಲ್ಲಿ ಎಫ್.ಎ., ಎಫ್.ಬಿ., ಎಫ್.ಸಿ. ಎಂಬ ಮೂರು ದರ್ಜೆಗಳನ್ನು ತಂದಿತು, ಎಫ್.ಡಿ. ಎಂಬ ನಾಲ್ಕನೆಯದು ಅನಂತರ ಸೇರಿತು. ಇಲ್ಲಿ ಗೊತ್ತಾದ ಒಂದು ಮಾದರಿ ಎಣ್ಣೆಗೆ ಪ್ರತಿಯೊಂದು ಗುಣದಲ್ಲಿಯೂ ೧೦೦ ಅಂಕವೆಂದು ಇಟ್ಟುಕೊಂಡು, ಪರೀಕ್ಷೆಗೆ ಬಂದ ಎಣ್ಣೆಯನ್ನು ಅದರೊಡನೆ ಹೋಲಿಸುತ್ತಾರೆ. ಅಕ್ಕಸಾಲಿಗನು ಗೊತ್ತಾದ ಬಣ್ಣದ ಕಡ್ಡಿಯೊಡನೆ ಹೊಸ ಚಿನ್ನವನ್ನು ಒರೆಗೆ ಹಚ್ಚಿ ನೋಡುವ ಕ್ರಮವೇ ಇದು.

ಅಳೆಯುವ ಗುಣಗಳು ಐದು: ಜಾರಿಸುವ ಗುಣ, ಆರಂಭದ ತಿರುಚುಬಲ, ಕಿಟ್ಟ ಕೂರದಂತೆ ತೊಳೆಯುವ ಗುಣ, ಹೊಗೆ, ಸೈಲೆನ್ಸರು ಕಟ್ಟಿಕೊಳ್ಳದಿರುವ ಗುಣ. ಎಫ್.ಬಿ. ದರ್ಜೆಗೆ ಇವುಗಳಲ್ಲಿ ಕ್ರಮವಾಗಿ ೯೫, ೯೮, ೮೫, ೪೫, ೪೫ ಅಂಕಗಳಾದರೂ ಬರಬೇಕು. ಎಫ್.ಸಿ. ದರ್ಜೆಗೆ ೯೫, ೯೮, ೯೫, ೮೫, ೯೦. ಎಫ್.ಡಿ. ದರ್ಜೆಯಲ್ಲಿ ತೊಳೆಯುವ ಗುಣ ೧೨೫ಕ್ಕೆ ಏರುತ್ತದೆ, ಉಳಿದವು ಎಫ್.ಸಿ.ಯಂತೆಯೇ. ಹೊಗೆಯ ಅಂಕ ಹೆಚ್ಚಿದಷ್ಟೂ ಹೊಗೆ ಕಡಿಮೆಯೆಂದು ತಿಳಿಯತಕ್ಕದ್ದು. ಇದನ್ನು ತಿರುಗಿಸಿ ಓದುವವರುಂಟು. ಈ ಅಂಕಗಳನ್ನು ಸಾವಧಾನವಾಗಿ ನೋಡಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಜಾರಿಸುವ ಗುಣದಲ್ಲಿ ಎಫ್.ಬಿ.ಗೂ ಎಫ್.ಡಿ.ಗೂ ಕನಿಷ್ಠ ಅಂಕ ಒಂದೇ. ಮೇಲಿನ ದರ್ಜೆಯೆಂದರೆ ಹೆಚ್ಚು ಜಿಡ್ಡಿನ ಎಣ್ಣೆಯಲ್ಲ, ಹೆಚ್ಚು ಶುಚಿಯಾಗಿ ಸುಡುವ ಎಣ್ಣೆ. ಔಡಲೆಣ್ಣೆಯ ಕಾಲದ ಇಕ್ಕಟ್ಟಿಗೆ ಇದೇ ಉತ್ತರ.

ಈ ಶುಚಿತ್ವವನ್ನು ಸಾಧಿಸಿದ್ದು ರಸಾಯನಶಾಸ್ತ್ರ. ಹಿಂದೆ ಎಣ್ಣೆಗೆ ಮೈ ಕೊಡಲು ಬೆರೆಸುತ್ತಿದ್ದ ದಪ್ಪ ಖನಿಜ ಎಣ್ಣೆಯ ಬದಲಿಗೆ ಪಾಲಿಐಸೊಬ್ಯುಟಿಲೀನ್ ಎಂಬ ಕೃತಕ ಪದಾರ್ಥವನ್ನು ಸೇರಿಸಲಾಯಿತು. ಕಾವೇರಿದಾಗ ಇದರ ಉದ್ದನೆಯ ಸರಪಳಿಗಳು ಬಿಡಿಬಿಡಿಯಾಗಿ ಅನಿಲರೂಪ ತಾಳಿ ಹೆಚ್ಚು ಮಸಿಯಿಲ್ಲದೆ ಸುಡುತ್ತವೆ. ಪೆಟ್ರೋಲಿನಲ್ಲಿ ಬೇಗ ಬೆರೆಯಲೆಂದು ತೆಳು ದ್ರಾವಕವನ್ನೂ, ಕಿಟ್ಟ ಕೂರದಿರಲೆಂದು ತೊಳೆಯುವ ದ್ರವ್ಯಗಳನ್ನೂ ಸೇರಿಸುತ್ತಾರೆ. ಬೂದಿಯ ಪ್ರಮಾಣಕ್ಕೂ ಮಿತಿಯುಂಟು. ಜಾಸೋ ವ್ಯವಸ್ಥೆಯಲ್ಲಿ ಅದು ನೂರಕ್ಕೆ ೦.೨೫. ನಾಲ್ಕು ಹೊಡೆತದ ಯಂತ್ರದ ಎಣ್ಣೆಯನ್ನು ಇಲ್ಲಿ ಹಾಕಬಾರದೆಂಬುದಕ್ಕೆ ಈ ಬೂದಿಯೇ ಮುಖ್ಯ ಕಾರಣ: ಅದರಲ್ಲಿರುವ ಲೋಹಾಂಶಗಳು ಸುಟ್ಟು ಬೂದಿಯಾಗಿ ಪ್ಲಗ್ಗನ್ನು ಮುಚ್ಚುತ್ತವೆ, ಇಲ್ಲವೇ ಕೆಂಡದಂತೆ ಕಾದು ಹೊತ್ತಿಗೆ ಮುಂಚೆಯೇ ಮಿಶ್ರಣಕ್ಕೆ ಬೆಂಕಿ ಹಚ್ಚುತ್ತವೆ.

ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ೨೦೦೦ದಲ್ಲಿ ಇ.ಜಿ.ಬಿ., ಇ.ಜಿ.ಸಿ., ಇ.ಜಿ.ಡಿ. ಎಂಬ ಸಮಾನಾಂತರ ದರ್ಜೆಗಳನ್ನು ಪ್ರಕಟಿಸಿತು. ಭಾರತವಾದರೋ ಅದಕ್ಕೆ ಮುಂಚೆಯೇ ಹೆಜ್ಜೆಯಿಟ್ಟಿತ್ತು. ದಿಲ್ಲಿಯ ವಾಯುಮಾಲಿನ್ಯದ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟು ೧೯೯೮ರ ಜುಲೈ ೨೮ರಂದು ಕೊಟ್ಟ ಆದೇಶದಲ್ಲಿ, ಆ ವರ್ಷದ ಡಿಸೆಂಬರ್ ಕೊನೆಯೊಳಗೆ ಆ ನಗರದಲ್ಲಿ ಬಿಡಿ ಎಣ್ಣೆಯ ಮಾರಾಟವನ್ನು ನಿಲ್ಲಿಸಿ, ಎಣ್ಣೆಯನ್ನು ಅಳತೆಗೆ ತಕ್ಕಂತೆ ಮೊದಲೇ ಬೆರೆಸಿದ ಪೆಟ್ರೋಲನ್ನು ಪಂಪುಗಳಲ್ಲಿಯೇ ಒದಗಿಸಬೇಕೆಂದು ವಿಧಿಸಲಾಯಿತು. ಅದೇ ವರ್ಷ ಪರಿಸರ ಸಂರಕ್ಷಣೆಯ ಕಾಯಿದೆಯಡಿ ಹೊರಟ ಅಧಿಸೂಚನೆಯಂತೆ, ೧೯೯೯ರ ಏಪ್ರಿಲ್ ೧ರಿಂದ ದೇಶದಲ್ಲೆಲ್ಲ ಎ.ಪಿ.ಐ. ಟಿ.ಸಿ. ಮತ್ತು ಜಾಸೋ ಎಫ್.ಸಿ. ಮಟ್ಟದ ಕಡಿಮೆ ಹೊಗೆಯ ಎಣ್ಣೆ ಕಡ್ಡಾಯವಾಯಿತು. ಒಂದು ದರ್ಜೆ ಯಂತ್ರಕ್ಕೆ, ಒಂದು ದರ್ಜೆ ಬೀದಿಗೆ. ಎರಡನ್ನೂ ಒಟ್ಟಿಗೆ ಕೇಳಿದುದರಲ್ಲಿಯೇ ಆ ಕಟ್ಟಳೆಯ ವಿವೇಕವಿದೆ.

ಪುಣೆಯ ವೇತಾಳ ಟೇಕಡಿಯ ಮೇಲೆ ೧೯೬೬ರಲ್ಲಿ ಸ್ಥಾಪಿತವಾದ ಭಾರತೀಯ ಆಟೊಮೋಟಿವ್ ಸಂಶೋಧನ ಸಂಸ್ಥೆಯ ಹೆಸರನ್ನು ಈ ಸಂದರ್ಭದಲ್ಲಿ ನೆನೆಯಬೇಕು. ದೇಶದ ವಾಹನಗಳ ಹೊಗೆಯನ್ನು ಅಳೆದು ನಿಯಮಕ್ಕೆ ಹೊಂದುತ್ತವೆಯೇ ಎಂದು ಹೇಳುವ ಅಧಿಕಾರವುಳ್ಳ ಸಂಸ್ಥೆಗಳಲ್ಲಿ ಇದು ಪ್ರಮುಖವಾದುದು. ದ್ವಿಚಕ್ರ ವಾಹನಗಳ ಸುಡದ ಇಂಧನ ಮತ್ತು ಸಾರಜನಕದ ಆಕ್ಸೈಡುಗಳ ಮೊತ್ತಕ್ಕೆ ೧೯೯೬ರಲ್ಲಿ ಕಿಲೋಮೀಟರಿಗೆ ೩.೬ ಗ್ರಾಮಿನ ಮಿತಿಯಿತ್ತು. ೨೦೦೦ದಲ್ಲಿ ಅದು ೨ ಗ್ರಾಮಿಗೆ ಇಳಿಯಿತು. ಎಣ್ಣೆ ಎಷ್ಟೇ ಶುದ್ಧವಾದರೂ, ಸುಡದೆ ಜಾರಿಹೋಗುವ ಪೆಟ್ರೋಲಿಗೆ ಅದು ಮದ್ದಾಗಲಾರದು. ಹೀಗಾಗಿ ಯಂತ್ರವೇ ಬದಲಾಗಬೇಕಾಯಿತು. ೧೯೮೫ರಿಂದಲೇ ಮಾರುಕಟ್ಟೆಗೆ ಬಂದಿದ್ದ ನಾಲ್ಕು ಹೊಡೆತದ ಮೋಟಾರು ಸೈಕಲುಗಳು ಮುಂದಾದವು. ಪುಣೆಯ ರಿಕ್ಷಾಗಳು ಕ್ರಮೇಣ ಸಿ.ಎನ್.ಜಿ.ಗೆ ಸರಿದವು. ೨೦೧೭ರಲ್ಲಿ ನಾಲ್ಕನೆಯ ಹಂತದ ನಿಯಮಗಳು ಬಂದ ಮೇಲೆ ಎರಡು ಹೊಡೆತದ ಹೊಸ ದ್ವಿಚಕ್ರ ವಾಹನಗಳು ಹೆಚ್ಚುಕಡಿಮೆ ಇಲ್ಲವಾದವು.

ಹಾಗೆಂದು ಎಣ್ಣೆಯ ಪ್ರಶ್ನೆ ಮುಗಿದಿಲ್ಲ. ಹಳೆಯ ಚೇತಕ್, ಜಾವಾ, ಯೆಜ್ಡಿಗಳನ್ನು ಮನೆಯ ಹಿರಿಯರಂತೆ ಕಾಪಾಡಿಕೊಂಡಿರುವವರಿದ್ದಾರೆ. ಮಲೆನಾಡಿನ ತೋಟಗಳಲ್ಲಿ ಕಳೆ ಕೊಚ್ಚುವ ಯಂತ್ರ, ಮರ ಕೊಯ್ಯುವ ಗರಗಸ, ಔಷಧಿ ಸಿಂಪಡಿಸುವ ಯಂತ್ರ ಇವುಗಳಲ್ಲಿ ಹಲವು ಎರಡು ಹೊಡೆತದವೇ. ಇವರೆಲ್ಲರೂ ನೆನಪಿಡಬೇಕಾದ ಅಂಶಗಳು ಕೆಲವೇ. ಗಾಳಿಯಿಂದ ತಂಪಾಗುವ ಯಂತ್ರಕ್ಕೆ ಎಫ್.ಸಿ. ಅಥವಾ ಎಫ್.ಡಿ. ದರ್ಜೆಯ ಎಣ್ಣೆ ಯೋಗ್ಯವಾದುದು. ಟಿ.ಸಿ.-ಡಬ್ಲ್ಯು ೩ ಎಂದು ಗುರುತುಳ್ಳದ್ದು ನೀರಿನಿಂದ ತಂಪಾಗುವ ದೋಣಿಯಂತ್ರಗಳ ಎಣ್ಣೆ. ಅದರ ಹೆಸರೂ ಟಿ.ಸಿ.ಯಿಂದಲೇ ಮೊದಲಾಗುತ್ತದೆ, ಬೆಲೆಯೂ ಹೆಚ್ಚಿರಬಹುದು. ಆದರೆ ಹೆಚ್ಚು ಕಾವಿನ ಗಾಳಿಯಂತ್ರಕ್ಕೆ ಅದು ತಕ್ಕುದಲ್ಲ. ಅಳತೆಯ ವಿಷಯದಲ್ಲಿ ಯಂತ್ರದ ತಯಾರಕರ ಮಾತೇ ಪ್ರಮಾಣ. ನೆರೆಮನೆಯ ಯಂತ್ರದ ಅಳತೆ ಪ್ರಮಾಣವಲ್ಲ. ಮುದ್ರೆಯೊಡೆದ ಡಬ್ಬಿಯ ಎಣ್ಣೆಗೆ ದರ್ಜೆಯೇ ಇಲ್ಲವೆಂದು ತಿಳಿಯುವುದು ಕ್ಷೇಮ. ಜಾಸೋ ಗುರುತನ್ನು ತಯಾರಕರು ತಮ್ಮ ಪರೀಕ್ಷೆಯ ಫಲಿತಾಂಶವನ್ನು ದಾಖಲಿಸಿ, ತಮ್ಮ ಹೊಣೆಯ ಮೇಲೆ ಬಳಸುತ್ತಾರೆ. ಆದುದರಿಂದ ದರ್ಜೆಯ ಜೊತೆಗೆ ತಯಾರಕರ ಹೆಸರನ್ನೂ ಓದತಕ್ಕದ್ದು.

ತೆಲ್ಲಿಗರ ದತ್ತಿಯ ಶಾಸನಗಳಲ್ಲಿ ಅಳತೆಯನ್ನು ಹೇಳಿದ ಮೇಲೆ, ಅದನ್ನು ಕೆಡಿಸಿದವನಿಗೆ ಪಾಪವನ್ನೂ ನಡಸಿದವನಿಗೆ ಪುಣ್ಯವನ್ನೂ ಹೇಳಿ ಮುಗಿಸುವುದು ವಾಡಿಕೆ. ಇಂದಿನ ಡಬ್ಬಿಯ ಮೇಲೆ ಆ ಶಾಪಾಶಯವಿಲ್ಲ. ಅದರ ಸ್ಥಾನದಲ್ಲಿ ಎರಡು ಅಕ್ಷರಗಳ ಒಂದು ದರ್ಜೆ, ಒಂದು ಹೆಸರು, ಒಂದು ತಾರೀಖು ಇವೆ. ಅವನ್ನು ಓದಿ ಕೊಂಡವನು ತನ್ನ ಯಂತ್ರವನ್ನು ಉಳಿಸಿಕೊಳ್ಳುತ್ತಾನೆ. ಅವನ ಹಿಂದೆ ಬೀದಿಯಲ್ಲಿ ನಡೆದು ಬರುವವರ ಎದೆಗೂ ಹೊಗೆ ಅಷ್ಟು ಕಡಿಮೆಯಾಗಿ ಸೇರುತ್ತದೆ.